ಅಕ್ಷರವಿದ್ಯೆಯೂ ಯಂತ್ರವಿದ್ಯೆಯೂ

ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಗಿಸಿದ ವಿದ್ಯಾರ್ಥಿಯೊಬ್ಬನು ಕಳೆದ ಬೇಸಿಗೆಯಲ್ಲಿ ನಮ್ಮ ಬಳಿಗೆ ಬಂದು, ಬಾಗಿಲ ಮರೆಯಲ್ಲಿ ನಿಂತುಕೊಂಡೇ ಒಂದು ಪ್ರಶ್ನೆಯನ್ನು ಕೇಳಿದನು: “ಸರ, ನನಗ ಕನ್ನಡ ಭಾಳ ಸೇರ್ತದ್ರಿ. ಅಪ್ಪ ಮಾತ್ರ ಕಂಪ್ಯೂಟರ್ ಕಲಿ ಅಂತಾನ್ರಿ. ಏನ್ ಮಾಡ್ಲಿ?” ಅವನ ತಂದೆ ಗೌಂಡಿ ಕೆಲಸದವರು. ಮಗನಾದರೂ ನೆರಳಿನಲ್ಲಿ ಕುಳಿತು ದುಡಿಯಲಿ ಎಂಬುದು ಅವರ ಆಸೆ. ಆ ಆಸೆಯನ್ನು ತಪ್ಪೆಂದು ಹೇಳುವ ಧೈರ್ಯ ನಮಗಿಲ್ಲ. ಮಗನ ಒಲವನ್ನು ಅಲ್ಲಗಳೆಯಲು ಕೂಡ ಮನಸ್ಸು ಬರಲಿಲ್ಲ. ಆ ದಿನ “ನೋಡೋಣ” ಎಂದಷ್ಟೇ ಹೇಳಿ ಕಳುಹಿಸಿದೆವು. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈ ಲೇಖನದಲ್ಲಿ ಎಲ್ಲ ವಿದ್ಯಾರ್ಥಿಗಳ ಮುಂದೆಯೂ ಇಡುತ್ತಿದ್ದೇವೆ.

ಕನ್ನಡವೋ ಕಂಪ್ಯೂಟರೋ ಎಂದು ಎರಡರಲ್ಲಿ ಒಂದನ್ನು ಬಿಡಬೇಕೆಂಬ ಎಣಿಕೆಯೇ ಸರಿಯಲ್ಲ. ಎರಡನ್ನೂ ಕೂಡಿಸಿ ಕಲಿಸುವ ವಿದ್ಯೆಯೊಂದು ಇಂದು ವಿಶ್ವವಿದ್ಯಾಲಯಗಳಲ್ಲಿ ನೆಲೆಗೊಂಡಿದೆ. ಅದಕ್ಕೆ ಡಿಜಿಟಲ್ ಹ್ಯುಮ್ಯಾನಿಟೀಸ್ ಎಂದು ಹೆಸರು. ಭಾಷೆ, ಸಾಹಿತ್ಯ, ಇತಿಹಾಸ, ಕಲೆ, ತತ್ತ್ವಶಾಸ್ತ್ರ ಮೊದಲಾದ ಮನುಷ್ಯನ ಬಾಳಿಗೆ ಸಂಬಂಧಿಸಿದ ಶಾಸ್ತ್ರಗಳು ಮಾನವಿಕಗಳು. ಅವುಗಳ ಅಧ್ಯಯನಕ್ಕೆ ಗಣಕಯಂತ್ರವನ್ನು ಬಳಸುವುದು, ಹಾಗೆ ಬಳಸುವಾಗಲೇ ಆ ಯಂತ್ರವನ್ನೂ ಪ್ರಶ್ನಿಸುವುದು, ಇವೆರಡೂ ಸೇರಿದರೆ ಡಿಜಿಟಲ್ ಮಾನವಿಕವಾಗುವುದು.

ಈ ವಿದ್ಯೆಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಟಲಿಯ ರಾಬರ್ತೊ ಬುಸಾ ಎಂಬ ಪಾದ್ರಿಯಿಂದ ಆರಂಭಿಸುತ್ತಾರೆ. ಹದಿಮೂರನೆಯ ಶತಮಾನದ ತತ್ತ್ವಜ್ಞಾನಿಯಾದ ತಾಮಸ್ ಅಕ್ವಿನಾಸರ ಗ್ರಂಥಗಳಲ್ಲಿ ಬರುವ ಪ್ರತಿಯೊಂದು ಪದವನ್ನೂ ಅಕಾರಾದಿಯಾಗಿ ಜೋಡಿಸಬೇಕೆಂಬುದು ಆತನ ಸಂಕಲ್ಪ. ಪದಗಳ ಸಂಖ್ಯೆ ಒಂದು ಕೋಟಿಗೂ ಮೇಲ್ಪಟ್ಟದ್ದು. ಕೈಯಿಂದ ಆಗುವ ಕೆಲಸವಲ್ಲವೆಂದರಿತು, ೧೯೪೯ರಲ್ಲಿ ಅಮೆರಿಕಕ್ಕೆ ಹೋಗಿ ಐ.ಬಿ.ಎಂ. ಸಂಸ್ಥೆಯ ಮುಖ್ಯಸ್ಥರಾದ ತಾಮಸ್ ವಾಟ್ಸನ್ನರ ನೆರವನ್ನು ಬೇಡಿದನು. ರಂಧ್ರ ಕೊರೆದ ರಟ್ಟಿನ ಕಾರ್ಡುಗಳ ಮೇಲೆ ಪದಗಳನ್ನು ಇಳಿಸಿ, ಯಂತ್ರದಿಂದ ವಿಂಗಡಿಸಿ ನಡೆಸಿದ ಆ ಕೆಲಸವು ಸುಮಾರು ಮೂವತ್ತು ವರ್ಷ ಸಾಗಿ, ೫೬ ಸಂಪುಟಗಳಾಗಿ ಅಚ್ಚಾಯಿತು. ಕಾರ್ಡುಗಳಿಗೆ ರಂಧ್ರ ಕೊರೆದವರು ಬಹುತೇಕ ಇಟಲಿಯ ಯುವತಿಯರು. ಬುಸಾನ ಹೆಸರು ಲೋಕಪ್ರಸಿದ್ಧವಾಯಿತು. ಆ ಯುವತಿಯರ ಹೆಸರುಗಳನ್ನು ಬಹುಕಾಲ ಯಾರೂ ಕೇಳಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಮುಂದೆ ಬೇಕಾಗುವುದು.

ಹಾಗೆ ನೋಡಿದರೆ ಇಂಥ ಕಥೆಗಾಗಿ ಇಟಲಿಯವರೆಗೆ ಹೋಗಬೇಕಾಗಿಲ್ಲ. ನಮ್ಮ ಪುಣೆಯಲ್ಲಿಯೇ, ಯೆರವಡಾ ಭಾಗದ ಡೆಕ್ಕನ್ ಕಾಲೇಜಿನಲ್ಲಿ, ೧೯೪೮ರಲ್ಲಿ ಇನ್ನೊಂದು ಕೋಟಿಯ ಕೆಲಸ ಆರಂಭವಾಯಿತು. ಎಸ್. ಎಂ. ಕತ್ರೆಯವರ ಯೋಜನೆಯಂತೆ ಸಂಸ್ಕೃತದ ಐತಿಹಾಸಿಕ ಮಹಾಕೋಶವೊಂದನ್ನು ರಚಿಸಲು ವಿದ್ವಾಂಸರು ತೊಡಗಿದರು. ೧೯೭೩ರವರೆಗೆ ಸುಮಾರು ೪೦ ಮಂದಿ ಸುಮಾರು ೧,೫೦೦ ಗ್ರಂಥಗಳನ್ನು ಓದಿ, ಪದ, ಪದ ಬಂದ ವಾಕ್ಯ, ಗ್ರಂಥದ ಹೆಸರು, ಸ್ಥಳ ಇವನ್ನೆಲ್ಲ ಒಂದೊಂದು ಚೀಟಿಯ ಮೇಲೆ ಬರೆದರು. ಹೀಗೆ ಕೂಡಿದ ಚೀಟಿಗಳು ಸುಮಾರು ಒಂದು ಕೋಟಿ! ಮೊದಲ ಸಂಪುಟವು ೧೯೭೬ರಲ್ಲಿ ಹೊರಬಿದ್ದಿತು. ೨೦೨೨ರ ಹೊತ್ತಿಗೆ ೩೫ ಸಂಪುಟಗಳು ಬಂದಿದ್ದರೂ ಕೋಶವು ‘ಅ’ ಎಂಬ ಮೊದಲ ಅಕ್ಷರವನ್ನು ದಾಟಿರಲಿಲ್ಲ. ಇದನ್ನು ಕೇಳಿ ನಗಬೇಡಿರಿ. ಒಂದು ಪದವು ವೇದಕಾಲದಿಂದ ಈಚಿನವರೆಗೆ ಯಾವ ಯಾವ ಅರ್ಥದಲ್ಲಿ ಹೇಗೆ ಹರಿದುಬಂದಿತೆಂಬುದನ್ನು ಪ್ರಮಾಣಸಹಿತವಾಗಿ ಹೇಳುವ ಕೆಲಸ ಅದು, ಅವಸರದಿಂದ ಆಗತಕ್ಕದ್ದಲ್ಲ. ಅದೇ ೨೦೨೨ರಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ನೆರವಿನಿಂದ ‘ಕೋಶಶ್ರೀ’ ಎಂಬ ಗಣಕ ವ್ಯವಸ್ಥೆಯು ಈ ಕಾರ್ಯಕ್ಕೆ ಜೊತೆಗೂಡಿತು. ಚೀಟಿಯೂ ಯಂತ್ರವೂ ಕೈಹಿಡಿದು ನಡೆಯುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇನ್ನಾವುದು?

ನಗರದ ಇನ್ನೊಂದು ಕಡೆ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ ಇದೆ. ಅದು ಸ್ಥಾಪನೆಯಾದುದು ೧೯೧೭ರಲ್ಲಿ. ಅಲ್ಲಿ ೧೯೧೯ರಲ್ಲಿ ಆರಂಭವಾದ ಮಹಾಭಾರತದ ಸಂಶೋಧಿತ ಆವೃತ್ತಿಯು ೧೯೬೬ರಲ್ಲಿ ಪೂರ್ಣವಾಯಿತು. ೧೯೨೫ರಿಂದ ೧೯೪೩ರಲ್ಲಿ ತೀರಿಕೊಳ್ಳುವವರೆಗೂ ವಿ. ಎಸ್. ಸುಕಥನಕರರು ಪ್ರಧಾನ ಸಂಪಾದಕರಾಗಿದ್ದರು. ನೋಡಿದ ಹಸ್ತಪ್ರತಿಗಳು ೧,೨೫೯. ಒಂದು ಶ್ಲೋಕದ ಅಕ್ಷರಗಳನ್ನು ಮೇಲಿನ ಸಾಲಿನಲ್ಲಿ ಬರೆದು, ಒಂದೊಂದು ಹಸ್ತಪ್ರತಿಯಲ್ಲಿ ಕಂಡ ಪಾಠಭೇದವನ್ನು ಅದರದರ ಅಕ್ಷರದ ಕೆಳಗೇ ಗುರುತಿಸುತ್ತಿದ್ದರು. ಗಣಕವನ್ನು ಕಾಣದ ಆ ಪಂಡಿತರು ಇಂದಿನ ಗಣಕದ ಕೋಷ್ಟಕವನ್ನು ಕಾಗದದ ಮೇಲೆ ಮಾಡಿದ್ದರೆಂದರೆ ಅತಿಶಯೋಕ್ತಿಯಾಗದು. ಮುಂದೆ ೧೯೯೦ರ ದಶಕದಲ್ಲಿ ಜಪಾನಿನ ಕ್ಯೋಟೋ ನಗರದ ವಿದ್ವಾಂಸರಾದ ತೊಕುನಾಗರು ಆ ಮಹಾಭಾರತವನ್ನು ಗಣಕಕ್ಕೆ ಇಳಿಸಿದರು. ಕೇಂಬ್ರಿಜ್ಜಿನ ಜಾನ್ ಸ್ಮಿತ್ತರು ಅದನ್ನು ತಿದ್ದಿ ಪರಿಷ್ಕರಿಸಿದರು. ೨೦೦೪ರ ಜನವರಿ ೫ರಂದು ಗುಂಪೊಂದು ಈ ಸಂಸ್ಥೆಗೆ ನುಗ್ಗಿ ಪುಸ್ತಕಗಳಿಗೂ ಹಸ್ತಪ್ರತಿಗಳಿಗೂ ಹಾನಿ ಮಾಡಿತು. ಒಂದೇ ಪ್ರತಿ ಇದ್ದ ಗ್ರಂಥವು ಹಾಳಾದರೆ ಅದು ಮರಳಿ ಬಾರದು. ಪ್ರತಿ ಮಾಡಿ ಕಾಪಾಡುವ ವಿದ್ಯೆಯ ಬೆಲೆ ಅಂಥ ದಿನದಲ್ಲಿ ತಿಳಿಯುವುದು.

ಕನ್ನಡಿಗರಾದ ನಮಗೆ ಈ ನಗರದಲ್ಲಿ ಹೆಮ್ಮೆ ತರುವ ಮಾತು ಇನ್ನೊಂದಿದೆ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನು ೧೮೯೮ರಲ್ಲಿ ಸಂಪಾದಿಸಿ ಬೆಳಕಿಗೆ ತಂದವರು ಕೆ. ಬಿ. ಪಾಠಕರು. ಅವರು ಇದೇ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರು. ಆದುದರಿಂದ ಪುಣೆಯಲ್ಲಿ ಕುಳಿತು ಕನ್ನಡದ ಕೆಲಸ ಮಾಡುವುದು ಹೊಸತೂ ಅಲ್ಲ, ಪರಕೀಯವೂ ಅಲ್ಲ.

ಇನ್ನು ಯಂತ್ರದ ಕಡೆಗೆ ಬರೋಣ. ಗಣಕವು ಅಕ್ಷರವನ್ನು ಹೇಗೆ ಅರಿಯುತ್ತದೆ? ಅದು ಅಕ್ಷರವನ್ನು ಅರಿಯುವುದಿಲ್ಲ. ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಪಡಿಸುವ ಯುನಿಕೋಡ್ ಎಂಬ ಏರ್ಪಾಡು ೧೯೯೧ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡದ ‘ಕ’ ಅಕ್ಷರದ ಸಂಖ್ಯೆ ೩೨೨೧. ನೀವು ಮರಾಠಿಯಲ್ಲಿ ಬರೆಯುವ ದೇವನಾಗರಿಯ ‘ಕ’ ಅಕ್ಷರದ ಸಂಖ್ಯೆ ೨೩೨೫. ನಾವು ‘ಕು’ ಎಂದು ಬರೆದಾಗ ಗಣಕವು ೩೨೨೧, ೩೨೬೫ ಎಂಬ ಎರಡು ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತದೆ. ಎರಡನೆಯದು ಉಕಾರದ ಕೊಂಬು. ‘ಅಕ್ಕ’ ಎಂಬುದರ ‘ಕ್ಕ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಗಣಕಕ್ಕೆ ಮೂರು ಸಂಖ್ಯೆಗಳು. ನಡುವಿನ ೩೨೭೭ ಎಂಬುದು ಅರ್ಧಾಕ್ಷರದ ಗುರುತು. ಒತ್ತಕ್ಷರವನ್ನು ಬಿಡಿಸಿ ಓದಲು ಒಂದನೆಯ ತರಗತಿಯಲ್ಲಿ ಕಲಿತ ನಿಮಗೆ ಈ ಲೆಕ್ಕವು ಸುಲಭವಾಗಿಯೇ ತಿಳಿಯುವುದು.

ಈ ಸಂಖ್ಯೆಗಳ ಪಟ್ಟಿಯಲ್ಲಿ ಒಂದು ಸ್ವಾರಸ್ಯವಿದೆ. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವೊಂದು ಇತ್ತು. ಹಳಗನ್ನಡದ ‘ಬಾೞ್’ ಎಂದರೆ ಬದುಕು. ‘ಬಾಳ್’ ಎಂದರೆ ಕತ್ತಿ. ಒಂದಕ್ಷರ ತಪ್ಪಿದರೆ ಬದುಕು ಹೋಗಿ ಕತ್ತಿ ಬರುವುದು! ಯುನಿಕೋಡಿನ ಪಟ್ಟಿಯಲ್ಲಿ ಈ ‘ೞ’ ಅಕ್ಷರಕ್ಕೆ ೩೨೯೪ ಎಂಬ ಸಂಖ್ಯೆಯನ್ನೇನೋ ಕೊಟ್ಟರು. ಆದರೆ ಅದರ ಹೆಸರನ್ನು ‘ಫ’ ಎಂದು ತಪ್ಪಾಗಿ ನಮೂದಿಸಿದರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮ. ಆದಕಾರಣ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿ, ಮೊದಲಿನದು ತಪ್ಪೆಂದು ಟಿಪ್ಪಣಿ ಬರೆದಿದ್ದಾರೆ. ತಪ್ಪು ಹೆಸರು ಇಂದಿಗೂ ಹಾಗೆಯೇ ಉಳಿದಿದೆ. ಯಂತ್ರವನ್ನು ಬಲ್ಲವರು ಅನೇಕರಿದ್ದರು. ಹಳಗನ್ನಡವನ್ನೂ ಬಲ್ಲವನೊಬ್ಬನು ಆ ಹೆಸರನ್ನು ಹೊತ್ತಿಗೆ ಸರಿಯಾಗಿ ನೋಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಕನ್ನಡ ಓದಿ ಏನು ಪ್ರಯೋಜನ ಎಂದು ಕೇಳುವವರಿಗೆ ನಾವು ಈ ಒಂದಕ್ಷರವನ್ನು ತೋರಿಸುತ್ತೇವೆ.

ಅಕ್ಷರವನ್ನು ಕೂಡಿಸಿದ ಮೇಲೆ ಹುಡುಕುವ ಕೆಲಸ. ‘ವಚನ ಸಂಚಯ’ ಎಂಬ ಹೆಸರಿನಲ್ಲಿ ಕನ್ನಡದ ಲೇಖಕರೂ ಗಣಕತಜ್ಞರೂ ಕೂಡಿ ಶರಣರ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಅಂತರ್ಜಾಲದಲ್ಲಿ ಒದಗಿಸಿದ್ದಾರೆ. ಒಂದು ಪದವನ್ನು ಕೊಟ್ಟರೆ ಅದು ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆಯೆಂಬುದು ಕ್ಷಣದಲ್ಲಿ ತಿಳಿಯುವುದು. ಹಿಂದೆ ಇದಕ್ಕೆ ತಿಂಗಳುಗಟ್ಟಲೆ ಓದಬೇಕಾಗಿತ್ತು. ಆದರೆ ಯಂತ್ರವು ಕೊಟ್ಟ ಉತ್ತರವನ್ನು ಹಾಗೆಯೇ ನಂಬುವಂತಿಲ್ಲ. ಹಳಗನ್ನಡದಲ್ಲಿ ‘ಪಾಲ್’ ಎಂದಿದ್ದದ್ದು ಕಾಲಾಂತರದಲ್ಲಿ ‘ಹಾಲು’ ಆಯಿತು. ‘ಪೊನ್’ ಎಂಬುದು ‘ಹೊನ್ನು’ ಆಯಿತು. ಹಳೆಯ ಕಾವ್ಯವೊಂದರಲ್ಲಿ ‘ಹಾಲು’ ಎಂದು ಹುಡುಕಿದವನಿಗೆ ಅಲ್ಲಿ ಹಾಲೇ ಇಲ್ಲವೆಂದು ಯಂತ್ರವು ಹೇಳುವುದು. ‘ಮನೆ’, ‘ಮನೆಯಲ್ಲಿ’, ‘ಮನೆಯಿಂದ’ ಎಂಬವು ಒಂದೇ ಪದದ ರೂಪಗಳೆಂದು ನೀವು ಬಲ್ಲಿರಿ. ಕಲಿಸದ ಹೊರತು ಯಂತ್ರವು ಅವನ್ನು ಮೂರು ಪದಗಳೆಂದೇ ಎಣಿಸುವುದು. ‘ಅರಿ’ ಎಂದರೆ ತಿಳಿ ಎಂದೂ ಆಗುತ್ತದೆ, ಶತ್ರು ಎಂದೂ ಆಗುತ್ತದೆ. ಎಲ್ಲಿ ಯಾವುದೆಂದು ಹೇಳಬೇಕಾದವರು ಕನ್ನಡವನ್ನು ಬಲ್ಲವರೇ. ವ್ಯಾಕರಣದ ಪಾಠದಲ್ಲಿ ನೀವು ಬೇಸರದಿಂದ ಬಾಯಿಪಾಠ ಮಾಡುವ ಸಂಧಿ, ವಿಭಕ್ತಿಗಳು ಇಲ್ಲಿ ಪ್ರಯೋಜನಕ್ಕೆ ಬರುತ್ತವೆ.

ಆದುದರಿಂದಲೇ ಈ ವಿದ್ಯೆಯಲ್ಲಿ ಎರಡು ಬಗೆಯ ಶಿಕ್ಷಣವಿದೆ. ಮೊದಲನೆಯದು ಯಂತ್ರದ ಶಿಕ್ಷಣ. ಹಳೆಯ ಪುಟದ ಛಾಯಾಚಿತ್ರವನ್ನು ಸರಿಯಾಗಿ ತೆಗೆಯುವುದು. ಚಿತ್ರದಲ್ಲಿರುವ ಅಕ್ಷರವನ್ನು ಯಂತ್ರದಿಂದ ಓದಿಸಿ, ಅದು ಮಾಡಿದ ತಪ್ಪುಗಳನ್ನು ತಿದ್ದುವುದು. ಇದು ಊರಿನ ಹೆಸರು, ಇದು ವ್ಯಕ್ತಿಯ ಹೆಸರು, ಇದು ಪದ್ಯದ ಸಾಲು ಎಂದು ಪಠ್ಯದೊಳಗೆ ಗುರುತು ಹಾಕುವುದು. ಮಾಹಿತಿಯನ್ನು ಕೋಷ್ಟಕವಾಗಿ ಜೋಡಿಸುವುದು. ನಕಾಶೆಯ ಮೇಲೆ ತೋರಿಸುವುದು. ಪದಗಳನ್ನು ಎಣಿಸಲು ಯಂತ್ರಕ್ಕೆ ಚಿಕ್ಕ ಚಿಕ್ಕ ಆಜ್ಞೆಗಳನ್ನು ಬರೆಯುವುದು, ಇವು ಅದರ ಪಾಠಗಳು. ಎರಡನೆಯದು ವಿಮರ್ಶೆಯ ಶಿಕ್ಷಣ. ಈ ಭಂಡಾರದಲ್ಲಿ ಯಾರ ಬರೆಹಗಳು ಸೇರಿವೆ? ಯಾರವು ಬಿಟ್ಟುಹೋಗಿವೆ? ಬರೆಯಲು ಬಾರದವರ ಮಾತು ಎಲ್ಲಿದೆ? ಇದನ್ನು ಪ್ರಕಟಿಸಲು ಯಾರ ಒಪ್ಪಿಗೆ ಬೇಕು? ನಮ್ಮ ದೇಶದಲ್ಲಿ ಲೇಖಕನು ತೀರಿಕೊಂಡ ಬಳಿಕವೂ ೬೦ ವರ್ಷಗಳವರೆಗೆ ಅವನ ಬರೆಹದ ಹಕ್ಕು ಉಳಿದಿರುತ್ತದೆಂಬುದನ್ನು ಅರಿತಿದ್ದೇವೆಯೇ? ಬುಸಾನ ಯುವತಿಯರಂತೆ ಹೆಸರಿಲ್ಲದೆ ದುಡಿದವರು ಯಾರು? ಇಂಥ ಪ್ರಶ್ನೆಗಳನ್ನು ಕೇಳುವ ಅಭ್ಯಾಸವೇ ಆ ಶಿಕ್ಷಣ. ಮೊದಲನೆಯದಿಲ್ಲದೆ ಕೆಲಸ ಸಾಗದು. ಎರಡನೆಯದಿಲ್ಲದೆ ಸಾಗಿದ ಕೆಲಸವು ಸರಿದಾರಿಯಲ್ಲಿದೆಯೆಂಬ ಭರವಸೆ ಇಲ್ಲ.

ಇದು ನಮಗೆ ಪುಸ್ತಕದಿಂದಲ್ಲ, ಒಬ್ಬ ಅಜ್ಜಿಯಿಂದ ಮನವರಿಕೆಯಾಯಿತು. ಡೆಕ್ಕನ್ ಕಾಲೇಜಿನ ಚೀಟಿಗಳ ಕಥೆಯನ್ನು ಹೇಳಿ, ಕಳೆದ ವರ್ಷ ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಂದ ನಾವೂ ಚೀಟಿಗಳನ್ನು ಬರೆಯಿಸಿದೆವು. ಮನೆಯ ಹಿರಿಯರು ಆಡುವ, ಪಠ್ಯಪುಸ್ತಕದಲ್ಲಿಲ್ಲದ ಒಂದು ಪದ, ಅದರ ಅರ್ಥ, ಅವರು ಆಡಿದ ವಾಕ್ಯ, ಅವರ ಊರು, ಬರೆದ ದಿನಾಂಕ, ಇಷ್ಟು ಒಂದೊಂದು ಚೀಟಿಯಲ್ಲಿರಬೇಕು. ಕೂರಿಗೆ, ಕುಂಟೆ, ಬುತ್ತಿ, ಹಿಂಡಿ ಮೊದಲಾದ ಪದಗಳು ಬಂದವು. ಕಲಬುರ್ಗಿ ಕಡೆಯ ‘ಹಿಂಡಿ’ ಚಟ್ನಿಯಂಥ ತಿನಿಸೆಂದೂ ಬೇರೆ ಕಡೆಯ ‘ಹಿಂಡಿ’ ದನಗಳ ಮೇವೆಂದೂ ಮಕ್ಕಳಲ್ಲಿ ದೊಡ್ಡ ವಾದವೇ ನಡೆಯಿತು.

ಒಬ್ಬ ವಿದ್ಯಾರ್ಥಿನಿಯು ‘ಹಗೇವು’ ಎಂಬ ಪದವನ್ನು ತಂದಳು. ಅವಳ ಅಜ್ಜಿ ಯಾದಗಿರಿ ಕಡೆಯವರು. ಹಗೇವು ಎಂದರೆ ಜೋಳವನ್ನು ತುಂಬಿಡಲು ನೆಲದೊಳಗೆ ತೋಡಿದ ಆಳವಾದ ಗುಂಡಿ; ಇಲ್ಲಿಯ ಮರಾಠಿಯಲ್ಲಿ ಅದನ್ನು ಪೇವ ಎನ್ನುತ್ತಾರೆ. ಮೊಬೈಲಿನ ಮುಂದೆ ಆ ಪದವನ್ನು ನುಡಿದು ಬರೆಯಿಸಿದಾಗ ಯಂತ್ರವು ‘ಹಗೆಯು’ ಎಂದು ಬರೆಯಿತು. ಅಜ್ಜಿ ಹೇಳಿದ್ದು ಅನ್ನದ ಮಾತು, ಯಂತ್ರಕ್ಕೆ ಕೇಳಿಸಿದ್ದು ವೈರದ ಮಾತು! ಮಕ್ಕಳೆಲ್ಲರೂ ನಕ್ಕರು. ನಾವು ತಪ್ಪನ್ನು ತಿದ್ದಿ, “ನಮ್ಮ ಮನೆಯಲ್ಲಿ ಹಗೇವು ಇತ್ತು” ಎಂಬ ವಾಕ್ಯವನ್ನು ಚೀಟಿಯಲ್ಲಿ ಬರೆಯಿಸಿ ಕೆಲಸ ಮುಗಿಯಿತೆಂದುಕೊಂಡೆವು. ಮರುದಿನ ಆ ವಿದ್ಯಾರ್ಥಿನಿಯು ಚೀಟಿಯನ್ನು ಮರಳಿ ತಂದಳು. ಅಜ್ಜಿಗೆ ಓದಿ ತೋರಿಸಿದಾಗ ಅವರು ಹೀಗೆಂದರಂತೆ: “ನಮ್ಮ ಮನ್ಯಾಗ ಎಲ್ಲಿತ್ತವ್ವ ಹಗೇವು? ಅದು ಗೌಡ್ರ ವಾಡೇದಾಗ ಇತ್ತು. ನಾವು ಒಳಗ ಇಳದು ಜ್ವಾಳ ತಗದು ಕೊಡೋರು.” ಬಹುಕಾಲ ಮುಚ್ಚಿದ್ದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆಗೆದ ಕೂಡಲೇ ಇಳಿದವನಿಗೆ ಉಸಿರು ಕಟ್ಟುವುದು. ಹಾಗೆ ಇಳಿಯುತ್ತಿದ್ದವರು ಅಜ್ಜಿಯ ಮನೆಯವರು, ಜೋಳ ಇನ್ನೊಬ್ಬರದು.

ಆ ದಿನ ನಾವು ತಲೆತಗ್ಗಿಸಿದೆವು. ಯಂತ್ರದ ತಪ್ಪನ್ನು ನಕ್ಕು ತಿದ್ದಿದ ನಾವೇ ಅದಕ್ಕಿಂತ ದೊಡ್ಡ ತಪ್ಪನ್ನು ಮಾಡಿದ್ದೆವು. ಪದದ ಅರ್ಥವನ್ನು ಕೇಳಿದೆವು. ಆ ಗುಂಡಿಗೆ ಯಾರು ಇಳಿಯುತ್ತಿದ್ದರೆಂದು ಕೇಳಲಿಲ್ಲ. ಚೀಟಿಯನ್ನು ಹರಿದು ಬೇರೆ ಬರೆಯಿಸಿದೆವು. ಹೊಸ ಚೀಟಿಯಲ್ಲಿ ಅಜ್ಜಿಯ ವಾಕ್ಯವು ಅವರಾಡಿದಂತೆಯೇ ಇದೆ. ಹೆಸರನ್ನು ಬರೆಯಬಹುದೇ ಎಂದು ಕೇಳಿಸಿದಾಗ, ಊರಿನ ಹೆಸರು ಸಾಕು, ತಮ್ಮದು ಬೇಡವೆಂದರು. ಅದರಂತೆ ಹೆಸರನ್ನು ಬಿಟ್ಟೆವು. ತಿದ್ದುವುದು, ಕೇಳುವುದು, ಒಪ್ಪಿಗೆ ಪಡೆಯುವುದು ಎಂಬ ಮೂರು ಪಾಠಗಳು ನಮಗೆ ಒಂದೇ ಚೀಟಿಯಿಂದ ಆದವು.

ಈ ವಿದ್ಯೆಯನ್ನು ಎಲ್ಲಿ ಕಲಿಯಬಹುದು? ಜೋಧಪುರದ ಐ.ಐ.ಟಿ.ಯಲ್ಲಿ ಇದಕ್ಕೆಂದೇ ಸ್ನಾತಕೋತ್ತರ ವ್ಯಾಸಂಗ ಏರ್ಪಟ್ಟಿದೆ. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯವು ಈ ವಿಷಯದಲ್ಲಿ ಡಿಪ್ಲೊಮಾ ಶಿಕ್ಷಣವನ್ನು ನಡೆಸಿದೆ. ರವೀಂದ್ರನಾಥ ಠಾಕೂರರ ಬರೆಹಗಳ ಹಸ್ತಪ್ರತಿಗಳನ್ನೂ ಮುದ್ರಿತ ಪಾಠಗಳನ್ನೂ ಒಟ್ಟಿಗೆ ಹೋಲಿಸಿ ನೋಡಬಹುದಾದ ‘ಬಿಚಿತ್ರ’ ಎಂಬ ಭಂಡಾರವು ೨೦೧೩ರಲ್ಲಿ ಸಿದ್ಧವಾದುದು ಅಲ್ಲಿಯೇ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಪುಣೆಯಲ್ಲಿಯೇ ಇರಬೇಕೆನ್ನುವವರು ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನವನ್ನೂ ಪುರಾತತ್ತ್ವವನ್ನೂ ಓದಬಹುದು. ಇವೆಲ್ಲವೂ ಪದವಿಯ ಬಳಿಕದ ಮಾತು. ಅದಕ್ಕೆ ಮೊದಲು ಹನ್ನೊಂದನೆಯ ತರಗತಿಯಲ್ಲಿ ಕಲೆಯನ್ನು ಆರಿಸಿಕೊಂಡವರು ಗಣಿತದ ಮತ್ತು ಗಣಕದ ಅಭ್ಯಾಸವನ್ನು ಬಿಡಬಾರದು. ವಿಜ್ಞಾನವನ್ನು ಆರಿಸಿಕೊಂಡವರು ಕನ್ನಡದ ಓದನ್ನು ಬಿಡಬಾರದು. ಇಂಗ್ಲಿಷು ಬೇಕೇ ಬೇಕು. ಅದನ್ನು ಹೆದರದೆ ಕಲಿಯಿರಿ. ಮರಾಠಿಯಂತೂ ನಿಮಗೆ ಬೀದಿಯಲ್ಲಿಯೇ ಬಂದಿದೆ. ಎರಡು ಲಿಪಿಗಳನ್ನೂ ಮೂರು ಭಾಷೆಗಳನ್ನೂ ಹದಿನೈದನೆಯ ವಯಸ್ಸಿಗೇ ಬಲ್ಲ ನೀವು ಈ ಕೆಲಸಕ್ಕೆ ಅರ್ಧ ಸಿದ್ಧರಾದವರೇ.

ಇದರಿಂದ ಕೈತುಂಬ ಸಂಬಳ ಬಂದೇ ಬರುವುದೆಂದು ನಾವು ಹೇಳಲಾರೆವು. ಹಾಗೆ ಹೇಳಿದರೆ ಗೌಂಡಿ ಕೆಲಸದ ಆ ತಂದೆಗೆ ಮೋಸ ಮಾಡಿದಂತಾಗುವುದು. ಗ್ರಂಥಾಲಯ, ವಸ್ತುಸಂಗ್ರಹಾಲಯ, ಪ್ರಕಾಶನ, ಭಾಷೆಗೆ ಸಂಬಂಧಿಸಿದ ಗಣಕದ ಉದ್ಯಮ, ಅಧ್ಯಾಪನ ಇವುಗಳಲ್ಲಿ ಈ ವಿದ್ಯೆ ಬಲ್ಲವರಿಗೆ ಕೆಲಸವಿದೆ. ಅದನ್ನು ದುಡಿದು ಪಡೆಯಬೇಕು. ಯಂತ್ರದ ಕೆಲಸವನ್ನು ಕಲಿತವನಿಗೆ ಬೇರೆಡೆಯೂ ಅನ್ನಕ್ಕೆ ದಾರಿ ಉಂಟು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಕಲಿತು ಈ ನಗರಕ್ಕೆ ಬಂದ ನಾವು, ಕನ್ನಡ ಕಲಿತದ್ದು ವ್ಯರ್ಥವಾಯಿತೆಂದು ಹೇಳುವವರನ್ನು ಬಹಳ ಮಂದಿ ಕಂಡಿದ್ದೇವೆ. ಅವರಿಗೆ ಬರಿಯ ಅಭಿಮಾನದ ಮಾತಿನಿಂದ ಉತ್ತರ ಕೊಡಲಾಗದು, ಕೆಲಸದಿಂದ ಕೊಡಬೇಕು.

ಆ ಹುಡುಗನಿಗೆ ನಮ್ಮ ಉತ್ತರವಿಷ್ಟೆ: “ಅಪ್ಪನ ಮಾತನ್ನು ನಡೆಸು, ಕಂಪ್ಯೂಟರ್ ಕಲಿ. ನಿನ್ನ ಒಲವನ್ನೂ ಬಿಡಬೇಡ, ಕನ್ನಡ ಓದು. ಎರಡನ್ನೂ ಚೆನ್ನಾಗಿ ಕಲಿತ ದಿನ ನಮ್ಮ ಶಾಲೆಗೆ ಬಾ. ಚೀಟಿಗಳ ಪೆಟ್ಟಿಗೆ ಕಪಾಟಿನಲ್ಲಿದೆ. ಅದರಲ್ಲಿ ಈಗ ೩೧೨ ಚೀಟಿಗಳಿವೆ. ಯಂತ್ರಕ್ಕೆ ಅವನ್ನು ಕಲಿಸುವವರು ಬೇಕಾಗಿದ್ದಾರೆ.”